ಫೈಲಿನಲ್ಲಿ ‘ಸ್ಪ್ಯಾನಿಷ್’ ಎಂದಿತ್ತು: ಕೋರ್ಟಿನ ದುಭಾಷಿ ಕಚೇರಿಯೊಂದರ ಪ್ರಕರಣ ಅಧ್ಯಯನ

ಇದು ಅಮೆರಿಕದ ಆಗ್ನೇಯ ಭಾಗದ ಒಂದು ಕೌಂಟಿ ನ್ಯಾಯಾಲಯದಲ್ಲಿ ನಡೆದದ್ದು. ಊರಿನ ಹೆಸರು ಹೇಳುವುದಿಲ್ಲ. ಆರೋಪದ ವಿವರ, ವಯಸ್ಸು, ನಂಟಸ್ತಿಕೆ ಎಲ್ಲವನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ನಾನು ದುಭಾಷಿಯಲ್ಲ, ಆ ನ್ಯಾಯಾಲಯದ ಕೇಸ್ ದಾಖಲೆಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ತಂಡದವನು. ವಕೀಲರೂ ಕಕ್ಷಿದಾರರೂ ಒಳಗೆ ಕೂತು ಆಡಿದ ಮಾತು ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ತೆರೆದ ಕೋರ್ಟಿನಲ್ಲಿ ಬಂದದ್ದು, ಕಚೇರಿಯ ಸಭೆಗಳಲ್ಲಿ ಚರ್ಚೆಯಾದದ್ದು, ಭಾಷಾ ಸೇವೆಗಳ ವ್ಯವಸ್ಥಾಪಕಿ ಬರೆಯಲು ಒಪ್ಪಿದ್ದು, ಇಷ್ಟನ್ನೇ ಇಲ್ಲಿ ಇಟ್ಟಿದ್ದೇನೆ.

ಹಿನ್ನೆಲೆ

ಅಮೆರಿಕದಲ್ಲಿ ಕೋರ್ಟ್ ದುಭಾಷಿ ಎನ್ನುವುದು ಒಂದು ವೃತ್ತಿಯಾಗಿ ನಿಂತದ್ದೇ ಸ್ಪ್ಯಾನಿಷ್ ಭಾಷೆಯಿಂದ. 1967ರಲ್ಲಿ ನ್ಯೂಯಾರ್ಕ್ ರಾಜ್ಯದ ಸಫೊಕ್ ಕೌಂಟಿಯಲ್ಲಿ ರೊಹೆಲಿಯೊ ನೆಗ್ರೊನ್ ಎಂಬ ಪೋರ್ಟೊ ರಿಕೊದ ಕೃಷಿ ಕೂಲಿಯ ಮೇಲೆ ಕೊಲೆ ಕೇಸು ನಡೆಯಿತು. ಅವನಿಗೆ ಇಂಗ್ಲಿಷ್ ಬಾರದು, ಅವನ ವಕೀಲರಿಗೆ ಸ್ಪ್ಯಾನಿಷ್ ಬಾರದು. ಸರ್ಕಾರದ ಪರ 14 ಸಾಕ್ಷಿಗಳಲ್ಲಿ 12 ಮಂದಿ ಇಂಗ್ಲಿಷಿನಲ್ಲೇ ಸಾಕ್ಷಿ ಹೇಳಿದರು. ಆ ಮಾತುಗಳಲ್ಲಿ ಅವನಿಗೆ ದಕ್ಕಿದ್ದು, ವಿರಾಮದ ಹೊತ್ತಿನಲ್ಲಿ ದುಭಾಷಿಯೊಬ್ಬರು ಹತ್ತಿಪ್ಪತ್ತು ನಿಮಿಷ ಹೇಳಿದ ಸಾರಾಂಶ ಮಾತ್ರ. ಇಂಥ ವಿಚಾರಣೆಯಿಂದ ಬಂದ ಶಿಕ್ಷೆ ನಿಲ್ಲದು ಎಂದು 1970ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. 1978ರಲ್ಲಿ ಫೆಡರಲ್ ಕೋರ್ಟ್ ದುಭಾಷಿ ಕಾಯ್ದೆ ಬಂತು, 1980ರಲ್ಲಿ ಮೊದಲ ಪ್ರಮಾಣೀಕರಣ ಪರೀಕ್ಷೆ ನಡೆಯಿತು. ಈಗ ಫೆಡರಲ್ ಕೋರ್ಟುಗಳು ಆ ಪ್ರಮಾಣಪತ್ರ ಕೊಡುವುದು ಸ್ಪ್ಯಾನಿಷ್‌ಗೆ ಮಾತ್ರ. ಮಿಕ್ಕ ಭಾಷೆಗಳವರು, ನಮ್ಮ ಕನ್ನಡದವರೂ ಸೇರಿ, ಅದಕ್ಕಿಂತ ಕೆಳಗಿನ ದರ್ಜೆಗಳಲ್ಲಿ ಬರುತ್ತಾರೆ.

ಆ ಪರೀಕ್ಷೆ ಸುಲಭದ್ದಲ್ಲ. ಮೌಖಿಕ ಭಾಗದಲ್ಲಿ 220 ಅಂಶಗಳಿಗೆ ಅಂಕ, ಅದರಲ್ಲಿ 176 ಸರಿ ಬರಬೇಕು. ನಿಮಿಷಕ್ಕೆ 120 ಪದಗಳ ವೇಗದಲ್ಲಿ ಓದುವ ವಕೀಲರ ವಾದವನ್ನು ಕೇಳುತ್ತಲೇ ಇನ್ನೊಂದು ಭಾಷೆಯಲ್ಲಿ ಹೇಳುತ್ತ ಹೋಗಬೇಕು. ಮನೆಯಲ್ಲಿ ಹುಟ್ಟಿನಿಂದ ಸ್ಪ್ಯಾನಿಷ್ ಆಡಿದವರೂ ಇಲ್ಲಿ ಬೀಳುತ್ತಾರೆ.

ನಮ್ಮ ವ್ಯವಸ್ಥಾಪಕಿ ಈ ದಾರಿಯಲ್ಲೇ ಬಂದವರು. ರಾಜ್ಯದ ಪರೀಕ್ಷೆ, ಆಮೇಲೆ ಫೆಡರಲ್ ಪರೀಕ್ಷೆ, ಎರಡು ದಶಕಗಳ ಕೋರ್ಟ್ ಕೆಲಸ, ನಂತರ ಭಾಷಾ ಸೇವೆಗಳ ಮುಖ್ಯಸ್ಥೆಯ ಕುರ್ಚಿ. ಕುರ್ಚಿ ಹತ್ತಿದ ಮೇಲೆ ಕಾಯಂ ದುಭಾಷಿಗಳ ವೇಳಾಪಟ್ಟಿ, ದಿನಗೂಲಿ ಲೆಕ್ಕದ ಗುತ್ತಿಗೆ ದುಭಾಷಿಗಳ ಪಟ್ಟಿ, ಬಿಲ್ಲುಗಳು, ವಿಡಿಯೊ ಸಲಕರಣೆ, ನ್ಯಾಯಾಧೀಶರ ದೂರುಗಳು, ಎಲ್ಲವೂ ಅವರ ತಲೆಯ ಮೇಲೆ ಬಂದವು. ಸ್ಪ್ಯಾನಿಷ್ ವಿಭಾಗವನ್ನು ಅವರು ಚೊಕ್ಕವಾಗಿ ನಡೆಸುತ್ತಿದ್ದರು. ಅರ್ಧ ಗಂಟೆ ಮೀರಿ ಒಬ್ಬರೇ ಏಕಕಾಲಿಕ ಅನುವಾದ ಮಾಡಿದರೆ ತಪ್ಪುಗಳು ಏರುತ್ತವೆ, ಮಾಡುವವರಿಗೇ ಅದು ಗೊತ್ತಾಗುವುದಿಲ್ಲ ಎಂದು ಜಿನೀವಾ ವಿಶ್ವವಿದ್ಯಾಲಯದವರು 1998ರಲ್ಲಿ ತೋರಿಸಿದ್ದರು. ಆ ಕಾಗದ ಹಿಡಿದುಕೊಂಡು ಹೋಗಿ, ಜ್ಯೂರಿ ವಿಚಾರಣೆಗಳಿಗೆ ಇಬ್ಬರು ದುಭಾಷಿಗಳು ಬೇಕೇ ಬೇಕು ಎಂದು ನ್ಯಾಯಾಧೀಶರನ್ನು ಒಪ್ಪಿಸಿದವರು ಇವರೇ. ದುಭಾಷಿ ಇಲ್ಲವೆಂದು ಯಾವ ವಾಯಿದೆಯೂ ಮುಂದೆ ಹೋಗಬಾರದು ಎಂಬುದು ಅವರ ಹೆಮ್ಮೆಯಾಗಿತ್ತು. ಮೇಲಿನವರು ಅವರ ಕೆಲಸವನ್ನು ಅಳೆಯುತ್ತಿದ್ದುದೂ ಅದರಿಂದಲೇ.

ಈ ಕೌಂಟಿಯಲ್ಲಿ ಕೋಳಿ ಮಾಂಸದ ದೊಡ್ಡ ಕಾರ್ಖಾನೆಗಳಿವೆ. ಅಲ್ಲಿಗೆ ಗ್ವಾಟೆಮಾಲಾದ ಬೆಟ್ಟಸೀಮೆಯಿಂದ ವರ್ಷಗಳಿಂದ ಜನ ಬರುತ್ತಿದ್ದಾರೆ. ಗ್ವಾಟೆಮಾಲಾದಲ್ಲಿ ಮಾಯಾ ಮೂಲನಿವಾಸಿಗಳ 22 ಭಾಷೆಗಳಿವೆ, 2003ರ ಕಾಯ್ದೆಯಿಂದ ಅವಕ್ಕೆ ರಾಷ್ಟ್ರೀಯ ಮಾನ್ಯತೆಯೂ ಇದೆ. ಮಾಮ್, ಕಿಚೆ, ಕೆಕ್ಚಿ, ಕಾಂಜೊಬಾಲ್ ಇವೆಲ್ಲ ಸ್ಪ್ಯಾನಿಷ್‌ನ ಆಡುರೂಪಗಳಲ್ಲ. ಸ್ಪ್ಯಾನಿಷ್ ಇಂಗ್ಲಿಷಿನಿಂದ ಎಷ್ಟು ದೂರವೋ ಇವು ಸ್ಪ್ಯಾನಿಷ್‌ನಿಂದ ಅದಕ್ಕಿಂತಲೂ ದೂರ. ಕಚೇರಿಯಲ್ಲಿ ಇದು ಎಲ್ಲರಿಗೂ ಸಾಮಾನ್ಯ ಜ್ಞಾನವಾಗಿ ಗೊತ್ತಿತ್ತು. ಕೆಲಸದಲ್ಲಿ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಸಮಸ್ಯೆ

ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಪ್ರಮಾಣಪತ್ರ ಪಡೆದು ಹೆಚ್ಚು ಕಾಲವಾಗದ ಗುತ್ತಿಗೆ ದುಭಾಷಿಯೊಬ್ಬಳು ವ್ಯವಸ್ಥಾಪಕಿಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. “ಮೇಡಂ, ಮಧ್ಯಾಹ್ನದ ಕೇಸಿನವನಿಗೆ ನನ್ನ ಮಾತು ಮುಟ್ಟುತ್ತಿಲ್ಲ. ಏನು ಕೇಳಿದರೂ ಹೌದು ಅನ್ನುತ್ತಾನೆ.”

ಆ ಯುವಕ ಒಂದೇ ಬಾಡಿಗೆ ಮನೆಯಲ್ಲಿದ್ದವರ ನಡುವಿನ ಹೊಡೆದಾಟದಲ್ಲಿ ಗಂಭೀರ ಹಲ್ಲೆಯ ಆರೋಪದ ಮೇಲೆ ಜೈಲಿನಲ್ಲಿದ್ದ. ಅವತ್ತು ಮಧ್ಯಾಹ್ನ ತಪ್ಪೊಪ್ಪಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಜೈಲಿನಲ್ಲಿ ಕಳೆದ ದಿನಗಳನ್ನೇ ಶಿಕ್ಷೆಯಾಗಿ ಎಣಿಸಿ ಬಿಟ್ಟುಬಿಡುವ ಒಪ್ಪಂದ. ಸರ್ಕಾರಿ ವಕೀಲರಿಗೂ ಬೇಕು, ಆರೋಪಿಗೆ ಸರ್ಕಾರವೇ ಕೊಟ್ಟ ವಕೀಲರಿಗೂ ಬೇಕು, ನ್ಯಾಯಾಧೀಶರ ಪಟ್ಟಿಯಲ್ಲಿ ಒಂದು ಕೇಸು ಕಡಿಮೆಯಾಗುತ್ತದೆ. ಹಿಂದಿನ ವಾಯಿದೆಗಳಿಗೆಲ್ಲ ಸ್ಪ್ಯಾನಿಷ್ ದುಭಾಷಿಗಳೇ ಹೋಗಿದ್ದರು, ಯಾರೂ ಚಕಾರವೆತ್ತಿರಲಿಲ್ಲ. ಫೈಲಿನ ಭಾಷೆಯ ಕಾಲಂನಲ್ಲಿ ‘ಸ್ಪ್ಯಾನಿಷ್’ ಎಂದಿತ್ತು.

ತಪ್ಪೊಪ್ಪಿಗೆ ಎಂದರೆ ಹೌದು ಎಂದು ತಲೆಯಾಡಿಸುವುದಲ್ಲ. ತಿಳಿದು, ಸ್ವಂತ ಇಚ್ಛೆಯಿಂದ ಕೊಡುತ್ತಿದ್ದಾನೆ ಎಂಬುದು ದಾಖಲೆಯಲ್ಲಿ ಕಾಣಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯವಿದೆಯೇ ಎಂಬುದನ್ನು ವಕೀಲರು ಕಕ್ಷಿದಾರನಿಗೆ ತಿಳಿಸಿ ಹೇಳಬೇಕು ಎಂದು 2010ರಲ್ಲಿ ಪಡಿಯಾ ಪ್ರಕರಣದ ತೀರ್ಪು ಬಂದಿದೆ. ಇದೆಲ್ಲ ಅವನಿಗೆ ಮುಟ್ಟಬೇಕಾದದ್ದು ಅವನಿಗೆ ಅರೆಬರೆ ಬರುವ ಭಾಷೆಯೊಂದರಲ್ಲಿ.

ಇಷ್ಟಾದರೂ ಕೇಸು ನಿಲ್ಲಿಸುವುದು ಸುಲಭವಾಗಿರಲಿಲ್ಲ. ನಿಲ್ಲಿಸಿದರೆ ಮಾಯಾ ಭಾಷೆಯ ದುಭಾಷಿ ಸಿಗುವವರೆಗೆ ಅವನು ಜೈಲಿನಲ್ಲೇ ಇರಬೇಕು, ವಾರಗಳೇ ಆಗಬಹುದು. ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಗೆ ಆಚೆ ಬರುತ್ತಾನೆ. ಈ ಕಥೆ ಹೇಳಿದಾಗಲೆಲ್ಲ ಕೇಳುವವರು ವಕೀಲರನ್ನು ಬೈಯುತ್ತಾರೆ. ನಾನು ಬೈಯಲಾರೆ. ಕಕ್ಷಿದಾರನನ್ನು ಬೇಗ ಬಿಡಿಸಬೇಕು ಎಂಬುದೇ ಅವರ ಮನಸ್ಸಿನಲ್ಲಿದ್ದದ್ದು.

ಏನೇನು ಮಾಡಿ ನೋಡಿದರು

ವ್ಯವಸ್ಥಾಪಕಿಯ ಮೊದಲ ಯೋಚನೆ, ತಾನೇ ಹೋಗಿ ನಿಲ್ಲುವುದು. ಇಪ್ಪತ್ತು ವರ್ಷದ ಅನುಭವ, ತಾನು ನಿಧಾನವಾಗಿ, ಬಿಡಿಸಿ ಹೇಳಿದರೆ ಅವನಿಗೆ ತಿಳಿದೀತು ಎಂದು. ಹತ್ತು ನಿಮಿಷದಲ್ಲಿ ಆ ಯೋಚನೆ ಬಿಟ್ಟರು. ದುಭಾಷಿ ನ್ಯಾಯಾಧೀಶರ ಮಾತನ್ನು ಸರಳ ಮಾಡುವ ಹಾಗಿಲ್ಲ. ಕೂಡಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ. ಕಾನೂನಿನ ವಾಕ್ಯವನ್ನು ಚಿಕ್ಕ ಮಕ್ಕಳಿಗೆ ಹೇಳಿದಂತೆ ಹೇಳಿದರೆ ದಾಖಲೆಯಲ್ಲಿ ನ್ಯಾಯಾಧೀಶರ ಇಂಗ್ಲಿಷ್ ಇರುತ್ತದೆ, ಆರೋಪಿ ಕೇಳಿದ್ದು ಬೇರೆಯೇ ಆಗಿರುತ್ತದೆ. ಜಾಣ ದುಭಾಷಿ ಇಂಥ ಕಡೆ ಸಹಾಯ ಮಾಡಲು ಹೋಗಿ ಬಿರುಕನ್ನು ಮುಚ್ಚಿಬಿಡುತ್ತಾರೆ. ಹಿಂದಿನ ವಾಯಿದೆಗಳಲ್ಲಿ ಆಗಿದ್ದೂ ಅದೇ ಇರಬೇಕು ಎಂದು ನನ್ನ ಅನುಮಾನ.

ಎರಡನೆಯ ಯೋಚನೆ, ನ್ಯಾಯಾಧೀಶರಿಗೆ ನೇರವಾಗಿ ಹೇಳುವುದು. ವಕೀಲರ ಬೆನ್ನ ಹಿಂದೆ ನ್ಯಾಯಾಧೀಶರೊಡನೆ ಒಂದು ಕೇಸಿನ ಬಗ್ಗೆ ಮಾತನಾಡಲು ಆಡಳಿತದವರಿಗೂ ಅಧಿಕಾರವಿಲ್ಲ. ಅದೂ ಹೋಯಿತು.

ಅವರು ಆರಿಸಿಕೊಂಡ ದಾರಿ ಸ್ವಲ್ಪ ಸುತ್ತಿನದು. ಮೊದಲು ಆರೋಪಿಯ ವಕೀಲರಿಗೆ ಫೋನ್ ಮಾಡಿದರು. ಅವರು ಸಿಡುಕಿದರು: “ನನ್ನ ಜೊತೆ ಸ್ಪ್ಯಾನಿಷ್‌ನಲ್ಲೇ ಮಾತಾಡಿದ್ದಾನಲ್ಲ!” ಹತ್ತು ನಿಮಿಷ ಕೊಡಿ, ನೀವೂ ಜೊತೆಗಿರಿ, ಕೇಸಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ ಎಂದು ವ್ಯವಸ್ಥಾಪಕಿ ಪಟ್ಟು ಹಿಡಿದರು. ಆ ಹತ್ತು ನಿಮಿಷದಲ್ಲಿ ಅವರು ‘ಸ್ಪ್ಯಾನಿಷ್ ಅರ್ಥವಾಗುತ್ತದೆಯೇ’ ಎಂದು ಕೇಳಲಿಲ್ಲ. ಅದಕ್ಕೆ ಉತ್ತರ ಹೌದು ಎಂದೇ ಬರುತ್ತದೆ. ಊರಿನಲ್ಲಿ ಸ್ಪ್ಯಾನಿಷ್ ಬಾರದವನು ಎಂದರೆ ಕೀಳಾಗಿ ಕಂಡ ಜನ, ಇಲ್ಲಿ ಪೊಲೀಸರ ಮುಂದೆ ಯಾರು ಇಲ್ಲ ಎಂದಾರು? ಬದಲಿಗೆ ಹೌದು-ಇಲ್ಲ ಎಂದು ತಪ್ಪಿಸಿಕೊಳ್ಳಲಾಗದ ಪ್ರಶ್ನೆಗಳನ್ನು ಕೇಳಿದರು. ಕಾರ್ಖಾನೆಯಲ್ಲಿ ಬೆಳಿಗ್ಗೆ ಹೋದ ಕೂಡಲೇ ಏನು ಮಾಡುತ್ತೀರಿ, ಒಂದೊಂದಾಗಿ ಹೇಳಿ. ಊರಿನಿಂದ ಸಂತೆಗೆ ಹೋಗುವ ದಾರಿ ಹೇಗಿದೆ. ಅಮ್ಮನಿಗೆ ಫೋನ್ ಮಾಡಿದಾಗ ಯಾವ ಭಾಷೆ ಆಡುತ್ತೀರಿ.

ಕೆಲಸದ ಪ್ರಶ್ನೆಗೆ ಎರಡು ಮೂರು ಬಿಡಿಪದ ಬಂದವು. ದಾರಿಯ ಪ್ರಶ್ನೆಗೆ ‘ಹೌದು’ ಎಂದ. ವಕೀಲರು ಪೆನ್ನು ಕೆಳಗಿಟ್ಟದ್ದು ಅಲ್ಲಿ. ಮೂರನೆಯ ಪ್ರಶ್ನೆಯನ್ನು ಕೇಳಿ ಅವನು ನೆಲ ನೋಡಿದ. ಭಾಷೆಯ ಹೆಸರಿಗಾಗಿ ಒತ್ತಾಯಿಸದೆ ಹುಟ್ಟಿದ ಊರು, ಪುರಸಭೆ ಯಾವುದು ಎಂದು ವ್ಯವಸ್ಥಾಪಕಿ ಕೇಳಿದರು. ವೆವೆತೆನಾಂಗೊ ಪ್ರಾಂತದ ಬೆಟ್ಟದೂರೊಂದರ ಹೆಸರು ಹೇಳಿದ. ಮಾಮ್ ಆಡುವ ಸೀಮೆ ಅದು.

ಮಧ್ಯಾಹ್ನದ ಕಲಾಪದಲ್ಲಿ ಯಾರು ಮಾತನಾಡಬೇಕು ಎಂಬುದು ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಿಜವಾದ ತಿರುವು. ವ್ಯವಸ್ಥಾಪಕಿ ಎದ್ದು ನಿಂತಿದ್ದರೆ ಆಡಳಿತ ಅಡ್ಡ ಬಂದಂತೆ ಕಾಣುತ್ತಿತ್ತು. ರಾಜ್ಯ ನ್ಯಾಯಾಲಯಗಳ ದುಭಾಷಿಗಳಿಗೆ ಮಾದರಿಯಾಗಿರುವ ವೃತ್ತಿ ಸಂಹಿತೆಯ ಎಂಟನೆಯ ನಿಯಮ, ತನ್ನ ಕೆಲಸ ಸರಿಯಾಗಿ ನಡೆಯಲು ಅಡ್ಡಿಯಿದೆ ಎನಿಸಿದರೆ ದುಭಾಷಿಯೇ ನ್ಯಾಯಾಲಯಕ್ಕೆ ತಿಳಿಸಬೇಕು ಎನ್ನುತ್ತದೆ. ಕಿರಿಯಳಿಗೆ ಭಯ. ಗುತ್ತಿಗೆಯವಳು, ನಾಳೆ ಕರೆಯದಿದ್ದರೆ ಕೇಳುವವರಿಲ್ಲ. ವ್ಯವಸ್ಥಾಪಕಿ ಅವಳ ಎದುರಿಗೇ ಮುಂದಿನ ವಾರದ ಎರಡು ದಿನಗಳ ಕೆಲಸವನ್ನು ಅವಳ ಹೆಸರಿಗೆ ಬರೆದರು. ಇನ್ನೇನೂ ಹೇಳಲಿಲ್ಲ.

ಪ್ರಮಾಣ ಮಾಡಿದ ಮೇಲೆ ಅವಳು, ರೂಢಿಯಂತೆ ತನ್ನನ್ನು ‘ದುಭಾಷಿ’ ಎಂದೇ ಕರೆದುಕೊಂಡು, ಪ್ರತಿವಾದಿಯೊಡನೆ ಸ್ಪ್ಯಾನಿಷ್‌ನಲ್ಲಿ ಸಂವಹನ ಸಾಧ್ಯವಾಗುತ್ತಿಲ್ಲವೆಂದು ದುಭಾಷಿ ನ್ಯಾಯಾಲಯಕ್ಕೆ ತಿಳಿಸುತ್ತಾಳೆ ಎಂದಳು. ನ್ಯಾಯಾಧೀಶರು ಆರೋಪಿಯತ್ತ ತಿರುಗಿ, ನಿಮಗೆ ಅರ್ಥವಾಗುತ್ತಿದೆಯೇ ಎಂದು ಕೇಳಿದರು. ಹೌದು ಎಂದ. ದುಭಾಷಿಯ ಮಾತು ಕೇಳುತ್ತಿದೆಯೇ? ಹೌದು. ಮುಂದುವರಿಸೋಣವೇ? ಹೌದು. ನ್ಯಾಯಾಧೀಶರು ಕಾಗದ ತಿರುವಿದರು. ಅಲ್ಲಿಗೆ ಮುಗಿಯುತ್ತಿತ್ತು. ಆಗ ಬೆಳಿಗ್ಗೆ ಸಿಡುಕಿದ್ದ ವಕೀಲರೇ ಎದ್ದು, ಇವತ್ತು ಯಾವ ಆರೋಪಕ್ಕೆ ಒಪ್ಪುತ್ತಿದ್ದೀರಿ ಎಂದು ಅವನ ಮಾತಿನಲ್ಲೇ ಹೇಳಲಿ ಎಂದು ಕೋರಿದರು. ನ್ಯಾಯಾಧೀಶರು ಕೇಳಿದರು. ಉತ್ತರ ಬಂತು: ಹೌದು.

ವಾಯಿದೆ ಮುಂದಕ್ಕೆ ಹೋಯಿತು.

ಮಾಮ್ ದುಭಾಷಿಯನ್ನು ಹುಡುಕುವ ಕೆಲಸ ಶುರುವಾಯಿತು. ಒಬ್ಬ ದಾಯಾದಿ ತಾನು ಮಾಡುತ್ತೇನೆ ಎಂದು ಬಂದ. ಸ್ಪ್ಯಾನಿಷ್, ಮಾಮ್ ಎರಡೂ ಚೆನ್ನಾಗಿ ಬರುತ್ತಿತ್ತು, ದುಡ್ಡೂ ಬೇಡ ಎಂದ. ಅದೇ ಮನೆಯಲ್ಲಿದ್ದವನು, ನಾಳೆ ಸಾಕ್ಷಿಯಾಗಬಹುದಾದವನು. ಬೇಡ ಎಂದರು. ಫೋನಿನಲ್ಲಿ ಸಿಕ್ಕ ಮೊದಲ ದುಭಾಷಿ ಗ್ವಾಟೆಮಾಲಾದ ಇನ್ನೊಂದು ಪ್ರಾಂತ ಸಾನ್ ಮಾರ್ಕೊಸ್ ಕಡೆಯವರು. ಐದು ನಿಮಿಷ ಮಾತಾಡಿ, ನಮ್ಮ ಮಾಮ್ ಬೇರೆ, ಅವರ ಮಾಮ್ ಬೇರೆ, ಕೇಸಿಗೆ ಸಾಲದು ಎಂದು ತಾವೇ ಹಿಂದೆ ಸರಿದರು. ಹೀಗೆ ಪ್ರಾಮಾಣಿಕವಾಗಿ ಹಿಂದೆ ಸರಿಯುವವರಿಗೂ ಪೂರ್ತಿ ಶುಲ್ಕ ಕೊಡಬೇಕು ಎಂದು ವ್ಯವಸ್ಥಾಪಕಿ ಅಂದೇ ನಿಯಮ ಮಾಡಿದರು. ಸಣ್ಣ ನಿರ್ಧಾರ, ಆದರೆ ಕೊಡದಿದ್ದರೆ ಮುಂದಿನವರು ಐದು ನಿಮಿಷಕ್ಕೆ ನಿಜ ಹೇಳುತ್ತಾರೆಯೇ? ಕೊನೆಗೆ ಬೇರೆ ರಾಜ್ಯದಿಂದ ಅದೇ ಬೆಟ್ಟಸೀಮೆಯವರೊಬ್ಬರನ್ನು ಕರೆಸಿದರು. ಅವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಮಾಮ್‌ನಿಂದ ಸ್ಪ್ಯಾನಿಷ್‌ಗೆ ಅವರು, ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ನಮ್ಮ ಕಿರಿಯಳು. ಇಬ್ಬರ ಕೊಂಡಿ, ಹೇಳಿದ ಮೇಲೆ ಹೇಳುವ ಕ್ರಮ, ಪ್ರತಿ ವಾಕ್ಯಕ್ಕೂ ಕಾಯುವಿಕೆ. ಸಾಮಾನ್ಯವಾಗಿ ಊಟದೊಳಗೆ ಮುಗಿಯುವ ಕಲಾಪ ಸಂಜೆಗೆ ಎಳೆಯಿತು.

ಆದದ್ದೇನು

ಆರೋಪಿ ಮತ್ತೆ ಕೆಲವು ವಾರ ಜೈಲಿನಲ್ಲಿ ಕಳೆದ. ಇದನ್ನು ಮರೆಮಾಚಿ ಗೆಲುವಿನ ಕಥೆ ಹೇಳಲಾಗದು. ಆ ವಾರಗಳಲ್ಲಿ ವಕೀಲರು ಪೊಲೀಸ್ ಹೇಳಿಕೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಸ್ಪ್ಯಾನಿಷ್ ಬಲ್ಲ ಪೊಲೀಸರೊಬ್ಬರು ಬರೆದುಕೊಂಡಿದ್ದ ಹೇಳಿಕೆ ಅದು. ಹಕ್ಕುಗಳನ್ನು ಓದಿ ಹೇಳಿದ್ದೂ ಸ್ಪ್ಯಾನಿಷ್‌ನಲ್ಲೇ, ಉತ್ತರಗಳೆಲ್ಲ ‘ಹೌದು’. ಅದರ ಮೇಲೆ ವಾದಕ್ಕಿಳಿಯುವ ಬದಲು ಸರ್ಕಾರಿ ವಕೀಲರು ಆರೋಪವನ್ನು ಸಣ್ಣದಕ್ಕೆ ಇಳಿಸಿದರು. ಯುವಕ ಅದಕ್ಕೆ ತಪ್ಪೊಪ್ಪಿಕೊಂಡ. ಯಾವುದಕ್ಕೆ ಒಪ್ಪುತ್ತಿದ್ದೀರಿ ಎಂದು ನ್ಯಾಯಾಧೀಶರು ಮತ್ತೆ ಕೇಳಿದಾಗ ಅವನು ಮಾಮ್‌ನಲ್ಲಿ ಸಾಕಷ್ಟು ಉದ್ದವಾಗಿಯೇ ಉತ್ತರಿಸಿದ. ನಡುವೆ ನ್ಯಾಯಾಧೀಶರ ಮಾತನ್ನು ತಿದ್ದಿದ ಕೂಡ: ನಡೆದದ್ದು ಶನಿವಾರವಲ್ಲ, ಭಾನುವಾರ ಎಂದು.

ಕಚೇರಿಯ ಮಟ್ಟದಲ್ಲಿ ಆದದ್ದು ಇನ್ನಷ್ಟು ನಿಧಾನ. ವೆವೆತೆನಾಂಗೊ, ಸಾನ್ ಮಾರ್ಕೊಸ್, ಕಿಚೆ ಪ್ರಾಂತಗಳಲ್ಲಿ ಹುಟ್ಟಿದವರ ಕೇಸುಗಳನ್ನು ತೆಗೆದು ಕೊಡಿ ಎಂದು ವ್ಯವಸ್ಥಾಪಕಿ ನಮ್ಮ ತಂಡಕ್ಕೆ ಹೇಳಿದರು. ತೆಗೆದುಕೊಟ್ಟೆವು. ಒಂದರಲ್ಲೂ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಇರಲಿಲ್ಲ. ಬೇರು ಎಲ್ಲಿದೆ ಎಂದು ಹುಡುಕುತ್ತ ಹೋದರೆ ಅದು ಕೋರ್ಟಿನಲ್ಲಿ ಇರಲೇ ಇಲ್ಲ, ಜೈಲಿನ ಸೇರ್ಪಡೆ ಮೇಜಿನಲ್ಲಿತ್ತು. ಹುಟ್ಟಿದ ದೇಶ ಗ್ವಾಟೆಮಾಲಾ ಎಂದು ಒತ್ತಿದರೆ ಭಾಷೆಯ ಕಾಲಂ ತಾನಾಗಿ ತುಂಬಿಕೊಳ್ಳುತ್ತಿತ್ತು. ಅಲ್ಲಿಂದ ಅದು ಕೋರ್ಟಿಗೆ, ಕೋರ್ಟಿನಿಂದ ದುಭಾಷಿ ಕಚೇರಿಗೆ, ಯಾರೂ ಕೇಳದೆ ಹರಿದು ಬರುತ್ತಿತ್ತು.

ಇದು ಗ್ವಾಟೆಮಾಲಾದವರ ಪಾಡು ಮಾತ್ರವಲ್ಲ. ಭಾರತ ಎಂದೊಡನೆ ಹಿಂದಿ ಎಂದು ಬರೆದುಕೊಳ್ಳುವ ಗುಮಾಸ್ತರನ್ನು ಇಲ್ಲೇ ಕಂಡಿದ್ದೇನೆ. ನಮ್ಮೂರಿನಲ್ಲಿ ನಾವೂ ಕಡಿಮೆಯಿಲ್ಲ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಂನಲ್ಲಿತ್ತು. ಆದರೆ ತಾಂಡಾದಿಂದ ಠಾಣೆಗೆ ಬಂದ ಲಂಬಾಣಿ ಅಜ್ಜಿಗೆ ಕನ್ನಡ ಎಷ್ಟು ಬರುತ್ತದೆ ಎಂದು ಯಾರಾದರೂ ಮೊದಲು ಕೇಳುತ್ತಾರೆಯೇ?

ಭಾಷೆ ಬರೆದುಕೊಳ್ಳುವ ಕೋರ್ಟಿನ ನಮೂನೆ ಬದಲಿಸಲು ಹಣ ಹೆಚ್ಚು ಬೇಕಿರಲಿಲ್ಲ. ಅದರಿಂದ ಹೊರಬರುವ ಕೇಸುಗಳಿಗೆ ಬೇಕಿತ್ತು, ಒಂದೊಂದಕ್ಕೂ ಇಬ್ಬರು ದುಭಾಷಿಗಳು. ಮೊದಲ ಆಯವ್ಯಯ ಸಭೆಯಲ್ಲಿ ವ್ಯವಸ್ಥಾಪಕಿ ಸೋತರು. ಆ ಸಭೆಯಲ್ಲಿ ನಾನೂ ಇದ್ದೆ. ಅವರು ಹಣಕಾಸಿನವರ ಆಕ್ಷೇಪವನ್ನು ಹಣಕಾಸಿನವರಿಗಿಂತ ಚೆನ್ನಾಗಿ ಮಂಡಿಸಿದರು! ಇಪ್ಪತ್ತು ವರ್ಷ ಎರಡೂ ಕಡೆಯ ಮಾತನ್ನು ಬಣ್ಣ ಹಚ್ಚದೆ ದಾಟಿಸಿದವರು, ತಮ್ಮ ಬಾಯಿಗೆ ಅಭಿಪ್ರಾಯವೇ ಇರಬಾರದು ಎಂದು ಪಳಗಿದವರು. ಒಳ್ಳೆಯ ದುಭಾಷಿಯನ್ನು ಮೇಲಕ್ಕೇರಿಸಿದರೆ ಒಳ್ಳೆಯ ವ್ಯವಸ್ಥಾಪಕಿ ಸಿಗುತ್ತಾರೆ ಎಂದು ನ್ಯಾಯಾಲಯಗಳು ನಂಬುತ್ತವೆ. ನಾನು ಕಂಡಂತೆ ಆ ಬಡ್ತಿಯಲ್ಲಿ ಮೊದಲು ಬಿಡಬೇಕಾದದ್ದೇ ಆ ಒಳ್ಳೆಯ ಗುಣ. ಭಾಷೆಯ ಪರ, ಜೈಲಿನಲ್ಲಿರುವವನ ಕಿವಿಯ ಪರ ಮಾತನಾಡುವವರು ಆ ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಎರಡನೆಯ ಸಲ ಅವರು ಬೇರೆ ರೀತಿ ಬಂದರು. ನೆಗ್ರೊನ್ ತೀರ್ಪು, ಫೆಡರಲ್ ಹಣ ಪಡೆಯುವವರು ಯಾರ ರಾಷ್ಟ್ರಮೂಲ ನೋಡಿಯೂ ಭೇದ ಮಾಡಬಾರದು ಎನ್ನುವ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಶೀರ್ಷಿಕೆ, ಜೊತೆಗೆ ಒಂದು ಸರಳ ವಾದ: ಅರ್ಥವಾಗದೆ ಕೊಟ್ಟ ತಪ್ಪೊಪ್ಪಿಗೆ ವರ್ಷಗಳ ನಂತರ ತಿರುಗಿ ಬಂದರೆ ಇಡೀ ಕೇಸನ್ನು ಮೊದಲಿನಿಂದ ನಡೆಸಬೇಕು, ಅದರ ಖರ್ಚಿನ ಮುಂದೆ ಇಬ್ಬರು ದುಭಾಷಿಗಳ ದಿನಗೂಲಿ ಏನೂ ಅಲ್ಲ. ನ್ಯಾಯದ ಮಾತಿಗೆ ಅಲುಗದವರು ಈ ಮಾತಿಗೆ ಅಲುಗಿದರು. ಪೂರ್ತಿ ಅಲ್ಲ, ಕೇಳಿದ್ದರಲ್ಲಿ ಒಂದು ಪಾಲು ಸಿಕ್ಕಿತು. ಭಾಷಾ ನೆರವಿನ ಬಗ್ಗೆ 2000ದಲ್ಲಿ ಹೊರಟಿದ್ದ ಅಧ್ಯಕ್ಷೀಯ ಆದೇಶವನ್ನು 2025ರ ಮಾರ್ಚಿನಲ್ಲಿ ಹಿಂದೆಗೆದುಕೊಂಡರು. ಆ ಆದೇಶವನ್ನಷ್ಟೇ ನಂಬಿ ವಾದ ಕಟ್ಟಿದ್ದ ಕಚೇರಿಗಳಿಗೆ ಕಾಲಡಿಯ ನೆಲ ಜಾರಿದಂತಾಯಿತು. ಇವರು ಕಾಯ್ದೆಯ ಮೇಲೆ, ತೀರ್ಪುಗಳ ಮೇಲೆ ನಿಂತಿದ್ದರಿಂದ ಅಷ್ಟು ಕಷ್ಟವಾಗಲಿಲ್ಲ.

ವಿರೋಧ ಬಂದದ್ದು ಒಳಗಿನಿಂದ. ಹಳೆಯ ಸ್ಪ್ಯಾನಿಷ್ ದುಭಾಷಿಗಳಿಗೆ ಇದು ತಮ್ಮ ಮೇಲಿನ ದೂರಿನಂತೆ ಕೇಳಿಸಿತು: ಇಷ್ಟು ವರ್ಷ ನಾವು ಮಾಡಿದ್ದೆಲ್ಲ ಸುಳ್ಳೇ? ಗುತ್ತಿಗೆಯವರಿಗೆ ಇನ್ನೊಂದು ಚಿಂತೆ, ಕಲಾಪ ನಿಂತರೆ ಆ ದಿನದ ಸಂಪಾದನೆ ಹೋಗುತ್ತದೆ. ಮೊದಲನೆಯದಕ್ಕೆ ವ್ಯವಸ್ಥಾಪಕಿಯ ಬಳಿ ಉತ್ತರವಿರಲಿಲ್ಲ, ಕೊಡಲು ಹೋಗಲೂ ಇಲ್ಲ. ಎರಡನೆಯದಕ್ಕೆ ಇತ್ತು: ಅಡ್ಡಿ ವರದಿ ಮಾಡಿ ಕಲಾಪ ನಿಂತರೆ ದಿನದ ಪೂರ್ತಿ ಹಣ. ಅದಾದ ಮೇಲೆ ವರದಿಗಳು ಒಂದೊಂದಾಗಿ ಬರತೊಡಗಿದವು.

ಈಗ ಕೋರ್ಟಿನ ನಮೂನೆಯಲ್ಲಿ ಭಾಷೆಯ ಕಾಲಂ ತಾನಾಗಿ ತುಂಬಿಕೊಳ್ಳುವುದಿಲ್ಲ. ಹುಟ್ಟಿದ ಊರು, ಮನೆಯಲ್ಲಿ ತಾಯಿಯೊಡನೆ ಆಡುವ ಭಾಷೆ, ಎರಡನ್ನೂ ಕೇಳಿ ಕೈಯಿಂದ ಬರೆಯಬೇಕು. ಜೈಲಿನ ಮೇಜು ಮಾತ್ರ ಶೆರಿಫ್ ಕಚೇರಿಯ ಕೈಕೆಳಗಿನದು. ಅವರ ಸಾಫ್ಟ್‌ವೇರ್ ಬೇರೆ, ನಮಗೆ ಅದರೊಳಗೆ ಕೈಯಾಡಿಸುವ ಅಧಿಕಾರವಿಲ್ಲ, ಅಲ್ಲಿ ಗ್ವಾಟೆಮಾಲಾ ಎಂದು ಒತ್ತಿದರೆ ಇವತ್ತಿಗೂ ಸ್ಪ್ಯಾನಿಷ್ ಎಂದೇ ಬರುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ದುಭಾಷಿ ಕಚೇರಿಯವರೊಬ್ಬರು ಜೈಲಿನ ಹೊಸ ಪಟ್ಟಿಯನ್ನು ತರಿಸಿಕೊಂಡು, ಹುಟ್ಟಿದ ಊರುಗಳ ಮೇಲೆ ಕಣ್ಣಾಡಿಸಿ, ಅನುಮಾನ ಬಂದ ಹೆಸರುಗಳಿಗೆ ಗುರುತು ಹಾಕುತ್ತಾರೆ. ಆ ಕೆಲಸಕ್ಕೆ ಪ್ರತ್ಯೇಕ ಹುದ್ದೆಯಿಲ್ಲ. ಮುಂದಿನ ಆಯವ್ಯಯಕ್ಕೆ ಕೇಳಿದ್ದಾರೆ.